ಮನೆಯ ಸ್ಟುಡಿಯೊದಲ್ಲಿ ಫಿಲ್ಟರ್ ಮತ್ತು ಮಾಸ್ಟರಿಂಗ್: ಮಲೆನಾಡಿನ ಹಾಡುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯ ಒಂದು ಕೋಣೆಯಲ್ಲೇ ಸುಗಮ ಸಂಗೀತ, ಭಜನೆ, ಗಮಕ (ರಾಗವಾಗಿ ಕಾವ್ಯ ಓದುವ ಕಲೆ), ತಾಳಮದ್ದಲೆಗಳನ್ನು ಧ್ವನಿಮುದ್ರಿಸಿಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಗಿಟಾರ್, ಡ್ರಮ್ಸ್ ಇರುವ ಪಾಶ್ಚಾತ್ಯ ಹಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಸಂಗೀತ ನಿಂತಿರುವುದು ಶ್ರುತಿಯ ಮೇಲೆ. ಆದ್ದರಿಂದ ಅಲ್ಲಿನ ಅಂಕಿಗಳನ್ನು ಇದ್ದಂತೆಯೇ ಎತ್ತಿಕೊಳ್ಳದೆ, ಹಾಡುವವರ ಶ್ರುತಿಗೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಬೇಕು ಎಂಬುದೇ ಈ ಉತ್ತರಗಳ ಹಿಂದಿರುವ ನಿಲುವು.

ಫಿಲ್ಟರ್ ಎಂದರೇನು? ಈಕ್ವಲೈಜರ್‌ಗೂ ಅದಕ್ಕೂ ಏನು ವ್ಯತ್ಯಾಸ?

ಧ್ವನಿಯಲ್ಲಿರುವ ಫ್ರೀಕ್ವೆನ್ಸಿಗಳಲ್ಲಿ (ಹರ್ಟ್ಸ್‌ನಲ್ಲಿ ಅಳೆಯುವ, ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ) ಕೆಲವನ್ನು ಹಾಗೆಯೇ ಬಿಟ್ಟು, ಉಳಿದವನ್ನು ತಗ್ಗಿಸುವ ಸಾಧನ ಫಿಲ್ಟರ್. ಇಂಥ ಹಲವು ಫಿಲ್ಟರ್‌ಗಳನ್ನು ಒಂದೇ ಕಡೆ ಜೋಡಿಸಿ, ತಗ್ಗಿಸುವುದರ ಜೊತೆಗೆ ಹೆಚ್ಚಿಸಲೂ ಅವಕಾಶ ಕೊಟ್ಟರೆ ಅದು ಈಕ್ವಲೈಜರ್, ಚುಟುಕಾಗಿ ಈಕ್ಯೂ. ಹೈಪಾಸ್ ಕೆಳಗಿನದನ್ನು ಕಡಿಯುತ್ತದೆ, ಲೋಪಾಸ್ ಮೇಲಿನದನ್ನು ಕಡಿಯುತ್ತದೆ, ಶೆಲ್ಫ್ ಒಂದು ಅಂಚಿನಿಂದಾಚೆಯದನ್ನೆಲ್ಲ ಸಮನಾಗಿ ಏರಿಸುತ್ತದೆ ಅಥವಾ ಇಳಿಸುತ್ತದೆ, ಬೆಲ್ ನಡುವಿನ ಒಂದು ಭಾಗವನ್ನು ಮಾತ್ರ ಮುಟ್ಟುತ್ತದೆ, ನಾಚ್ ಒಂದು ಕಿರಿದಾದ ಜಾಗವನ್ನು ಆಳವಾಗಿ ತೆಗೆದುಹಾಕುತ್ತದೆ.

ಹೈಪಾಸ್ ಅನ್ನು 80 ಹರ್ಟ್ಸ್‌ಗೆ ಇಟ್ಟರೆ ಅದಕ್ಕಿಂತ ಕೆಳಗಿನದೆಲ್ಲ ಮಾಯವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ, ಹಾಗಾಗುವುದಿಲ್ಲ. ಸಾಮಾನ್ಯವಾಗಿ ಬಳಸುವ, ಒಂದು ಸ್ಥಾಯಿಗೆ ಅಂದರೆ ಆಕ್ಟೇವ್‌ಗೆ 12 ಡೆಸಿಬಲ್ ಇಳಿಜಾರಿನ ಫಿಲ್ಟರ್‌ನಲ್ಲಿ 80 ಹರ್ಟ್ಸ್‌ನಲ್ಲಿಯೇ ಧ್ವನಿ 3 ಡೆಸಿಬಲ್ ತಗ್ಗಿರುತ್ತದೆ, 40 ಹರ್ಟ್ಸ್‌ಗೆ ಬರುವಷ್ಟರಲ್ಲಿ ಸುಮಾರು 12 ಡೆಸಿಬಲ್ ತಗ್ಗುತ್ತದೆ. ಅಂದರೆ ಫಿಲ್ಟರ್ ಇಟ್ಟ ಅಂಕಿಯಾದ ಕಟ್‌ಆಫ್‌ಗಿಂತ ಸ್ವಲ್ಪ ಮೇಲಿರುವ ಸ್ವರಗಳಿಗೂ ಫಿಲ್ಟರ್‌ನ ಬಿಸಿ ತಟ್ಟುತ್ತದೆ, ಕೆಳಗಿನ ಸದ್ದೂ ಒಂದಿಷ್ಟು ಉಳಿದುಕೊಳ್ಳುತ್ತದೆ.

ಗಾಯನಕ್ಕೆ ಹೈಪಾಸ್ ಎಷ್ಟಕ್ಕೆ ಇಡಬೇಕು? 100 ಎನ್ನುತ್ತಾರೆ, 120 ಎನ್ನುತ್ತಾರೆ.

ಮೊದಲು ಶ್ರುತಿ ಯಾವುದೆಂದು ಕೇಳಿಕೊಳ್ಳಿ. ಗಂಡಸರೊಬ್ಬರು ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮ ಸುಮಾರು 98 ಹರ್ಟ್ಸ್. 120ಕ್ಕೆ ಹೈಪಾಸ್ ಇಟ್ಟರೆ ಆ ಪಂಚಮದ ಬುಡವೇ ಸಡಿಲವಾಗಿ, ಅವರು ಮಂದ್ರಕ್ಕೆ ಇಳಿದಾಗಲೆಲ್ಲ ಧ್ವನಿ ಟೆಲಿಫೋನಿನಲ್ಲಿ ಕೇಳಿದಂತೆ ಪೇಲವವಾಗುತ್ತದೆ. ಇವರಿಗೆ 70ರಿಂದ 80ರವರೆಗೆ ಸಾಕು. ಬಿಳಿ ಐದರಲ್ಲಿ ಹಾಡುವ ಮಹಿಳೆಯ ಷಡ್ಜ ಸುಮಾರು 196, ಮಂದ್ರ ಪಂಚಮ ಸುಮಾರು 147 ಹರ್ಟ್ಸ್; ಅಲ್ಲಿ 110ರವರೆಗೆ ಹೋದರೂ ನಷ್ಟವಿಲ್ಲ.

ತಂಬೂರಿಯ ವಿಷಯ ಬೇರೆ. ಬಿಳಿ ಒಂದಕ್ಕೆ ಶ್ರುತಿ ಮಾಡಿದ ದೊಡ್ಡ ತಂಬೂರಿಯ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಎಲ್ಲ ಟ್ರ್ಯಾಕ್‌ಗಳಿಗೂ ಕಣ್ಣುಮುಚ್ಚಿ 80ರ ಹೈಪಾಸ್ ಹಾಕುವ ಅಭ್ಯಾಸದಿಂದ ಮೊದಲು ಪೆಟ್ಟು ತಿನ್ನುವುದು ಇದೇ ತಂತಿ.

ಅಂಕಿಯನ್ನು ಲೆಕ್ಕ ಹಾಕಿದ ಮೇಲೂ ಕಿವಿಯಿಂದ ಪರೀಕ್ಷಿಸಬೇಕು. ಹಾಡಿನಲ್ಲಿ ಅತ್ಯಂತ ಕೆಳಗೆ ಇಳಿಯುವ ಸಾಲನ್ನು ಮಾತ್ರ ಆಯ್ದು ಮತ್ತೆ ಮತ್ತೆ ಕೇಳುತ್ತಾ, ಕಟ್‌ಆಫ್ ಅನ್ನು ನಿಧಾನವಾಗಿ ಮೇಲೇರಿಸಿ. ಧ್ವನಿ ತೆಳುವಾದದ್ದು ಗೊತ್ತಾದ ಕೂಡಲೇ ನಿಲ್ಲಿಸಿ, ಅಲ್ಲಿಂದ 15–20 ಹರ್ಟ್ಸ್ ಕೆಳಗೆ ಬನ್ನಿ. ಪಲ್ಲವಿಯನ್ನು ಕೇಳಿ ನಿರ್ಧರಿಸಿದರೆ ಚರಣದಲ್ಲಿ ಪಶ್ಚಾತ್ತಾಪಪಡಬೇಕಾಗುತ್ತದೆ.

ರೆಕಾರ್ಡಿಂಗ್‌ನಲ್ಲಿ ‘ಹಂ’ ಎಂಬ ಸದ್ದು ಬರುತ್ತಿದೆ. ಯಾವ ಫಿಲ್ಟರ್ ಹಾಕಲಿ?

ನಮ್ಮ ವಿದ್ಯುತ್ ಸರಬರಾಜು 50 ಹರ್ಟ್ಸ್‌ನದು. ಅದರಿಂದ ಹುಟ್ಟುವ ಹಂ ಸದ್ದು 50ರಲ್ಲಿ ಮಾತ್ರವಲ್ಲದೆ 100, 150, 200 ಹೀಗೆ ಅದರ ಗುಣಕಗಳಲ್ಲೂ ಇರುತ್ತದೆ. ನಾಚ್ ಫಿಲ್ಟರ್ ಹಾಕಿ ಇವನ್ನು ಒಂದೊಂದಾಗಿ ತೆಗೆಯಬಹುದು ಎಂಬುದು ಪುಸ್ತಕದ ಉತ್ತರ. ಆದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ: ಬಿಳಿ ಒಂದರ ಮಂದ್ರ ಪಂಚಮ 98, ಹಂ 100ರಲ್ಲಿ, ಬಿಳಿ ಐದರ ಮಂದ್ರ ಪಂಚಮ 147, ಹಂ 150ರಲ್ಲಿ. ಅಗಲವಾದ ನಾಚ್ ಹಾಕಿದರೆ ಹಂ ಜೊತೆಗೆ ಪಂಚಮವೂ ಹೋಗುತ್ತದೆ. ನಾಚ್ ಎಷ್ಟು ಕಿರಿದೆಂದು ಹೇಳುವ ಕ್ಯೂ ಮೌಲ್ಯವನ್ನು 30ಕ್ಕೆ ಏರಿಸಿದರೆ 100 ಹರ್ಟ್ಸ್‌ನಲ್ಲಿ ನಾಚ್‌ನ ಅಗಲ ಸುಮಾರು 3.3 ಹರ್ಟ್ಸ್‌ಗೆ ಕಿರಿದಾಗುತ್ತದೆ. ಆಗಲೂ 98ರ ಸ್ವರ ಎರಡು ಡೆಸಿಬಲ್‌ಗಿಂತ ತುಸು ಹೆಚ್ಚೇ ತಗ್ಗುತ್ತದೆ. 50ರ ನಾಚ್ ಮಾತ್ರ ಗಾಯನಕ್ಕೆ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ಆದ್ದರಿಂದ ಹಂ ಸದ್ದನ್ನು ಹುಟ್ಟುವಲ್ಲೇ ತಡೆಯುವುದು ಲೇಸು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಅರ್ಧಕ್ಕರ್ಧ ಸಂದರ್ಭಗಳಲ್ಲಿ ಅಲ್ಲಿಗೇ ತೊಂದರೆ ಮುಗಿಯುತ್ತದೆ. ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ), ಲ್ಯಾಪ್‌ಟಾಪ್, ಸ್ಪೀಕರ್ ಮೂರಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಡಿ, ಮೈಕಿಗೆ ಹೊರಗಿನ ಸದ್ದನ್ನು ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇರುವುದುಂಟು, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷಿಸಿ. ಹಂ ನಿಲ್ಲುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವವರಿದ್ದಾರೆ. ಪ್ರಾಣಕ್ಕೆ ಸಂಚಕಾರ ತರುವ ಕೆಲಸವದು, ಎಂದಿಗೂ ಮಾಡಬೇಡಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಕೆಲಸ ನಡೆಯುವಾಗ ಕೇಳಿಬರುವ ಗುರುಗುಟ್ಟುವ ಸದ್ದು ಇದಕ್ಕಿಂತ ಕೆಟ್ಟದು. ಸ್ಕ್ವೇರ್ ವೇವ್ ಇನ್ವರ್ಟರ್‌ಗಳ ಗುಣಕಗಳು ಕಿಲೋಹರ್ಟ್ಸ್‌ಗಳವರೆಗೂ ಏಣಿಯಂತೆ ಹತ್ತಿಹೋಗುವುದರಿಂದ ನಾಲ್ಕಾರು ನಾಚ್‌ಗಳಿಂದ ಅದು ಬಗ್ಗುವುದಿಲ್ಲ. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಇರುವ ಇನ್ವರ್ಟರನ್ನು ಆಫ್ ಮಾಡಿ, ಲ್ಯಾಪ್‌ಟಾಪ್‌ನ ಬ್ಯಾಟರಿಯಲ್ಲೇ ಧ್ವನಿಮುದ್ರಿಸಿಕೊಳ್ಳಿ.

ಮಳೆಯ ಸದ್ದನ್ನು ಫಿಲ್ಟರ್‌ನಿಂದ ತೆಗೆಯಬಹುದೇ?

ಇಲ್ಲ. ಹಂ ಸದ್ದು ಕೆಲವೇ ಫ್ರೀಕ್ವೆನ್ಸಿಗಳಲ್ಲಿ ಕುಳಿತಿರುತ್ತದೆ; ಮಳೆ, ಅದರಲ್ಲೂ ಜಿಂಕ್ ಶೀಟಿನ ಮೇಲೆ ಬೀಳುವ ಮಳೆ, ಹಾಡಿನ ಧ್ವನಿ ಇರುವ ಜಾಗದಲ್ಲೆಲ್ಲ ಹರಡಿಕೊಂಡಿರುತ್ತದೆ. ಒಂದನ್ನು ಕಡಿದರೆ ಇನ್ನೊಂದೂ ಕಡಿಯುತ್ತದೆ. ಆಡಾಸಿಟಿ ಎಂಬ ಸಾಫ್ಟ್‌ವೇರ್‌ನ ನಾಯ್ಸ್ ರಿಡಕ್ಷನ್‌ನಂಥ ಉಪಕರಣಗಳು ಮೊದಲು ಬರಿಯ ಸದ್ದಿನ ಮಾದರಿಯನ್ನು ಕೇಳಿಸಿಕೊಂಡು, ಅದರ ಮಟ್ಟಕ್ಕಿಂತ ಕೆಳಗಿರುವುದನ್ನು ಪ್ರತಿ ಫ್ರೀಕ್ವೆನ್ಸಿ ಪಟ್ಟಿಯಲ್ಲೂ ತಗ್ಗಿಸುತ್ತವೆ. ಒಂದೇ ಸಮನೆ ಸುರಿಯುವ ಮಳೆಗೆ ಇದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಬಿರುಸು ಏರಿಳಿಯುವ ಆಷಾಢದ ಮಳೆಗೆ ಮಾಡುವುದಿಲ್ಲ. 6ರಿಂದ 9 ಡೆಸಿಬಲ್‌ಗಿಂತ ಹೆಚ್ಚು ತೆಗೆಯಲು ಹೋದರೆ ಸಾಲಿನ ಕೊನೆಯ ಸ್ವರಗಳು ಗುಳುಗುಳು ಎನ್ನತೊಡಗುತ್ತವೆ. ಆ ಗುಳುಗುಳುವಿಗಿಂತ ಹಿನ್ನೆಲೆಯ ಮಳೆಯೇ ಕೇಳಲು ಎಷ್ಟೋ ಹಿತ.

ಇದಕ್ಕೆ ನಿಜವಾದ ಉಪಾಯ ಮೈಕಿನ ದೂರ. ದೂರ ಅರ್ಧವಾದಾಗಲೆಲ್ಲ ಗಾಯಕರ ಧ್ವನಿ ಸುಮಾರು 6 ಡೆಸಿಬಲ್ ಏರುತ್ತದೆ, ಮಳೆ ಇದ್ದಲ್ಲೇ ಇರುತ್ತದೆ. 60 ಸೆಂಟಿಮೀಟರ್ ದೂರದ ಮೈಕನ್ನು 15ಕ್ಕೆ ತಂದರೆ 12 ಡೆಸಿಬಲ್‌ಗಳ ಲಾಭ. ಯಾವ ಪ್ಲಗಿನ್ನೂ ಇಷ್ಟನ್ನು ಇಷ್ಟು ಶುದ್ಧವಾಗಿ ಕೊಡಲಾರದು. ಹತ್ತಿರ ತಂದಾಗ, ಎದುರಿನ ಧ್ವನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕುಗಳಲ್ಲಿ ಕೆಳಗಿನ ಭಾಗ ಉಬ್ಬಿಕೊಳ್ಳುತ್ತದೆ, ಅದನ್ನು 200 ಹರ್ಟ್ಸ್‌ನ ಕೆಳಗೆ 2–4 ಡೆಸಿಬಲ್ ತಗ್ಗಿಸುವ ಶೆಲ್ಫ್‌ನಿಂದ ಸರಿಪಡಿಸಿಕೊಳ್ಳಬಹುದು. ಭ, ಫ, ಪಗಳ ಗಾಳಿ ಹೊಡೆತವೂ ಹೆಚ್ಚುವುದರಿಂದ ಮೈಕಿನ ಮುಂದೆ ಪಾಪ್ ಫಿಲ್ಟರ್ ಎಂಬ ಜಾಲರಿ ಇರಲೇಬೇಕು.

ಜೀರುಂಡೆಯ ಕತೆ ಇದಕ್ಕಿಂತ ಸುಲಭ. ಅದರ ಚೀರು ಕೆಲವು ಕಿಲೋಹರ್ಟ್ಸ್‌ನ ಕಿರಿದಾದ ಪಟ್ಟಿಯಲ್ಲಿ ಇರುವುದರಿಂದ, ಸ್ಪೆಕ್ಟ್ರಮ್ ತೆರೆದು ಎದ್ದು ಕಾಣುವ ಶಿಖರವನ್ನು ಗುರುತಿಸಿ ಅಲ್ಲಿ ಕಿರಿದಾದ ಬೆಲ್ ಇಟ್ಟು ತಗ್ಗಿಸಬಹುದು.

ಮಳೆಗಾಲದಲ್ಲಿ ಕಂಡೆನ್ಸರ್ ಮೈಕಿನಿಂದ ಚಟಪಟ ಸದ್ದು ಬರುತ್ತದೆ. ಡೀಕ್ಲಿಕ್ (ಚಟಪಟ ಅಳಿಸುವ ಎಫೆಕ್ಟ್) ಹಾಕಬಹುದೇ?

ಹಾಕಬಹುದು, ಆದರೆ ಆ ಸದ್ದು ಮೈಕಿನೊಳಗೆ ಸೇರಿದ ತೇವದ ಸೂಚನೆಯಾಗಿರುವ ಸಾಧ್ಯತೆ ಹೆಚ್ಚು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮೈಕನ್ನು ಒಂದೆರಡು ದಿನ ಇಟ್ಟು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೆ ಅಷ್ಟಾಗಿ ಕೆಡದ ಡೈನಾಮಿಕ್ ಮೈಕ್ ಬಳಸುವುದೂ ಜಾಣತನವೇ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ ನನ್ನದು. ಕೆಳಗಿನ ಸ್ವರಗಳು ಕೆಲವು ಗುಮ್ಮೆನ್ನುತ್ತವೆ, ಕೆಲವು ಕೇಳಿಸುವುದೇ ಇಲ್ಲ. ಈಕ್ಯೂ ಸರಿ ಮಾಡುತ್ತದೆಯೇ?

ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹತ್ತು ಅಡಿ, ಅಂದರೆ ಸುಮಾರು 3.05 ಮೀಟರ್ ದೂರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್, 112 ಹರ್ಟ್ಸ್, 169 ಹರ್ಟ್ಸ್‌ಗಳ ಸುತ್ತ ಅಲೆಗಳು ನಿಂತುಬಿಡುತ್ತವೆ. ಕೋಣೆ ಚೌಕವಾಗಿರುವುದರಿಂದ ಎರಡೂ ದಿಕ್ಕಿನಲ್ಲಿ ಅದೇ ಅಂಕಿಗಳು ಸೇರಿ ತೊಂದರೆ ಇಮ್ಮಡಿಯಾಗುತ್ತದೆ. ಕುಳಿತ ಜಾಗದಲ್ಲಿ 112 ಹರ್ಟ್ಸ್ ಕೇಳಿಸದಿದ್ದರೆ ಅದು ಹಾಡಿನಲ್ಲಿ ಇಲ್ಲವೆಂದಲ್ಲ, ಕೋಣೆ ಅದನ್ನು ನುಂಗಿದೆ ಎಂದು ಅರ್ಥ. ಈಕ್ಯೂನಲ್ಲಿ ಅದನ್ನು ಏರಿಸಿದರೆ ಬೇರೆಯವರ ಮನೆಯಲ್ಲಿ ಅದೇ ಸ್ವರ ಅಬ್ಬರಿಸುತ್ತದೆ.

ಗೋಡೆಗೆ ಪರದೆ ಇಳಿಬಿಟ್ಟರೆ ಮೇಲಿನ ಫ್ರೀಕ್ವೆನ್ಸಿಗಳು ಮಾತ್ರ ಹೀರಿಹೋಗಿ, ಗುಮ್ಮೆನ್ನುವುದು ಇನ್ನಷ್ಟು ಎದ್ದು ಕೇಳುತ್ತದೆ. ಮೂಲೆಗಳಲ್ಲಿ ದಪ್ಪನೆಯ ಹತ್ತಿಯ ಹಾಸಿಗೆಗಳನ್ನು ಸುತ್ತಿ ನಿಲ್ಲಿಸುವುದರಿಂದ ಸ್ವಲ್ಪ ಪ್ರಯೋಜನವುಂಟು. ಹೆಂಚಿನ ಮಾಡು ಇರುವ ಹಳೆಯ ಮನೆಯಲ್ಲಿ ಒಂದು ಕೋಣೆ ಸಿಗುವುದಾದರೆ ಆರ್‌ಸಿಸಿ ಕೋಣೆಗಿಂತ ಅದನ್ನೇ ಆರಿಸಿಕೊಳ್ಳಿ. ಇಳಿಜಾರಾದ ಮಾಡು ನೆಲಕ್ಕೆ ಸಮಾನಾಂತರವಾಗಿಲ್ಲದ ಕಾರಣ ಸದ್ದು ಮೇಲೆ ಕೆಳಗೆ ಪುಟಿಯುತ್ತಾ ಉಳಿಯುವುದಿಲ್ಲ. ಮಳೆ ಬಂದರೆ ಮಾತ್ರ ಹಿಂದಿನ ಪ್ರಶ್ನೆಗೆ ಮರಳಬೇಕಾಗುತ್ತದೆ.

ಕಂಪ್ರೆಸರ್ ಹಾಕಿದ ಮೇಲೆ ಚಂಡೆಯ ಪೆಟ್ಟು ಸತ್ತುಹೋಯಿತು. ಏಕೆ?

ಕಂಪ್ರೆಸರ್ ಎಂದರೆ ಒಂದು ಮಟ್ಟ ಮೀರಿದ ಗಟ್ಟಿ ಧ್ವನಿಯನ್ನು ತಾನಾಗಿ ತಗ್ಗಿಸುವ ಸಾಧನ. ಚಂಡೆಯ ಪೆಟ್ಟಿನ ತೀಕ್ಷ್ಣತೆ ಇರುವುದು ಮೊದಲ ಕೆಲವು ಮಿಲಿಸೆಕೆಂಡುಗಳಲ್ಲಿ. ಕಂಪ್ರೆಸರ್‌ನ ಅಟ್ಯಾಕ್ (ತಗ್ಗಿಸಲು ತೊಡಗಲು ತೆಗೆದುಕೊಳ್ಳುವ ಸಮಯ) 1 ಮಿಲಿಸೆಕೆಂಡ್‌ಗೆ ಇದ್ದರೆ ಅದು ಆ ಮೊನೆಯನ್ನೇ ಹಿಡಿದು ಅದುಮುತ್ತದೆ, ಹಿಂದೆ ಬರುವ ನಾದ ಮಾತ್ರ ಉಳಿಯುತ್ತದೆ. ಅಟ್ಯಾಕ್ ಅನ್ನು 20–30 ಮಿಲಿಸೆಕೆಂಡ್‌ಗೆ ನಿಧಾನಿಸಿ, ಎಷ್ಟು ತಗ್ಗಿಸಬೇಕೆಂಬ ಅನುಪಾತವನ್ನು 2:1ರ ಆಸುಪಾಸಿನಲ್ಲಿಡಿ. ರಿಲೀಸ್ (ಅದುಮಿದ್ದನ್ನು ಬಿಡುವ ಸಮಯ) ಮುಂದಿನ ಪೆಟ್ಟು ಬೀಳುವ ಮೊದಲು ಮುಗಿಯಬೇಕು. ವಿಳಂಬದಲ್ಲಿ ಸರಿಹೋದ ಮೌಲ್ಯ ಮುಕ್ತಾಯದ ವೇಗಕ್ಕೆ ಹೊಂದುವುದಿಲ್ಲವಾದ್ದರಿಂದ ಎರಡು ಭಾಗಗಳಿಗೆ ಬೇರೆ ಬೇರೆ ಮೌಲ್ಯ ಕೊಡುವುದರಲ್ಲಿ ತಪ್ಪಿಲ್ಲ.

ಇದೇ ಮಾತನ್ನು ಗಮಕಕ್ಕೂ ವಿಸ್ತರಿಸಬಹುದು. ಹೊಸಹಳ್ಳಿ, ಮತ್ತೂರಿನ ಪರಂಪರೆಯಿಂದಾಗಿ ನಮ್ಮ ಜಿಲ್ಲೆಯಲ್ಲಿ ಗಮಕದ ಧ್ವನಿಮುದ್ರಣಕ್ಕೆ ಬೇಡಿಕೆಯಿದೆ; ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತ್ತು. ವಾಚನ ರಾಗದಲ್ಲಿ ತುಂಬಿ ಹರಿಯುತ್ತದೆ, ವ್ಯಾಖ್ಯಾನ ಮಾತಿನ ಮಟ್ಟದಲ್ಲಿರುತ್ತದೆ. ಇವೆರಡನ್ನೂ ಒಂದೇ ಕಂಪ್ರೆಸರ್‌ಗೆ ಒಪ್ಪಿಸಿದರೆ ವಾಚನ ಕುಗ್ಗಿ, ವ್ಯಾಖ್ಯಾನಕಾರರ ಉಸಿರು, ಪುಟ ತಿರುಗಿಸುವ ಸದ್ದು ಮೇಲೇಳುತ್ತವೆ. ಮೊದಲು ವಾಲ್ಯೂಮ್ ಆಟೋಮೇಶನ್‌ನಿಂದ (ಎಲ್ಲೆಲ್ಲಿ ಎಷ್ಟು ಮಟ್ಟವೆಂದು ನಾವೇ ಗುರುತಿಸಿಡುವುದು) ಭಾಗ ಭಾಗವಾಗಿ ಮಟ್ಟ ಸರಿಮಾಡಿ, ಆಮೇಲೆ 2–3 ಡೆಸಿಬಲ್ ಮಾತ್ರ ತಗ್ಗಿಸುವಂತೆ ಕಂಪ್ರೆಸರ್ ಇಡಿ. ಕೆಲಸ ಹೆಚ್ಚು, ನಿಜ. ಆದರೆ ಕಾವ್ಯದ ಏರಿಳಿತವನ್ನು ತಿಳಿದು ಮಟ್ಟ ಸರಿಮಾಡಲು ಮನುಷ್ಯನೇ ಬೇಕು.

ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಹಾಕಿದರೆ ಇಡೀ ಹಾಡು ಮಸುಕಾಗುತ್ತದೆ.

ರಿವರ್ಬ್ ಅನ್ನು ಬೇರೆ ಟ್ರ್ಯಾಕ್‌ನಲ್ಲಿಟ್ಟು, ಅದಕ್ಕೆ ಹೋಗುವ ಧ್ವನಿಗೆ 300ರಿಂದ 600 ಹರ್ಟ್ಸ್‌ನಡುವೆ ಎಲ್ಲಾದರೂ ಹೈಪಾಸ್, 8ರಿಂದ 10 ಕಿಲೋಹರ್ಟ್ಸ್‌ನಲ್ಲಿ ಲೋಪಾಸ್ ಹಾಕಿ. ತಂಬೂರಿ ಆಗಲೇ ಜಾಗವನ್ನೆಲ್ಲ ತುಂಬಿಕೊಂಡಿರುತ್ತದೆ, ಅದಕ್ಕೆ ರಿವರ್ಬ್ ಬೇಡ.

ಮಿಕ್ಸಿಂಗ್‌ಗೂ ಮಾಸ್ಟರಿಂಗ್‌ಗೂ ವ್ಯತ್ಯಾಸವೇನು? ಎಫೆಕ್ಟ್‌ಗಳನ್ನು ಯಾವ ಕ್ರಮದಲ್ಲಿ ಹಾಕಬೇಕು?

ಮಿಕ್ಸಿಂಗ್‌ನಲ್ಲಿ ಗಾಯನ, ಮದ್ದಲೆ, ಹಾರ್ಮೋನಿಯಂ ಬೇರೆ ಬೇರೆ ಟ್ರ್ಯಾಕ್‌ಗಳಾಗಿ ಕೈಯಲ್ಲಿರುತ್ತವೆ. ಮಾಸ್ಟರಿಂಗ್‌ಗೆ ಬರುವಾಗ ಎಲ್ಲವೂ ಸೇರಿ ಎರಡು ಚಾನೆಲ್‌ಗಳ ಒಂದು ಫೈಲ್ ಆಗಿರುತ್ತದೆ. ಅಲ್ಲಿ ಗಾಯನಕ್ಕೆಂದು ಏರಿಸಿದ 3 ಕಿಲೋಹರ್ಟ್ಸ್ ತಾಳವನ್ನೂ ಏರಿಸುತ್ತದೆ. ಆದ್ದರಿಂದ ಮಾಸ್ಟರಿಂಗ್‌ನಲ್ಲಿ ಯಾವುದೇ ಈಕ್ಯೂ 2 ಡೆಸಿಬಲ್ ದಾಟುತ್ತಿದೆ ಎಂದರೆ ಮಿಕ್ಸ್‌ಗೆ ಹಿಂತಿರುಗುವುದೇ ಸರಿ.

ಮಿಕ್ಸ್ ಫೈಲಿನ ಶಿಖರಗಳು ಮೈನಸ್ 6ರಿಂದ ಮೈನಸ್ 3 ಡೆಸಿಬಲ್‌ನೊಳಗೆ ಇರಲಿ, ಲಿಮಿಟರ್ (ಶಿಖರಗಳು ಮೇಲ್ಮಿತಿ ದಾಟದಂತೆ ತಡೆಯುವ ಸಾಧನ) ಹಾಕದೆಯೇ ಹೊರತೆಗೆಯಿರಿ. ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ತಪ್ಪು ತಿದ್ದುವ ಈಕ್ಯೂ, ಆಮೇಲೆ 1–2 ಡೆಸಿಬಲ್ ಮಾತ್ರ ತಗ್ಗಿಸುವ ಸೌಮ್ಯ ಕಂಪ್ರೆಸರ್, ಬೇಕಿದ್ದರೆ ಬಣ್ಣ ಕೊಡುವ ಇನ್ನೊಂದು ಈಕ್ಯೂ ಅಥವಾ ಸ್ಯಾಚುರೇಶನ್ (ಧ್ವನಿಯನ್ನು ತುಸು ವಿಕಾರಗೊಳಿಸಿ ಗುಣಕಗಳನ್ನು ಹುಟ್ಟಿಸುವ ಎಫೆಕ್ಟ್), ಕಟ್ಟಕಡೆಗೆ ಲಿಮಿಟರ್. ಕಂಪ್ರೆಸರ್‌ಗಿಂತ ಮೊದಲು ಕೆಳಗಿನ ಬೇಡದ ಸದ್ದನ್ನು ತೆಗೆಯಲು ಕಾರಣವಿದೆ: ಫ್ಯಾನಿನ ಗಾಳಿ, ನೆಲದ ಅದುರುವಿಕೆ ಕಿವಿಗೆ ಕೇಳಿಸದಿದ್ದರೂ ಕಂಪ್ರೆಸರ್‌ಗೆ ಕೇಳಿಸುತ್ತದೆ, ಅದಕ್ಕೆ ತಕ್ಕಂತೆ ಅದು ಇಡೀ ಹಾಡನ್ನು ಅದುಮುತ್ತದೆ.

ನನ್ನ ಹಾಡು ಬೇರೆಯವರದ್ದಕ್ಕಿಂತ ಸಣ್ಣಗೆ ಕೇಳಿಸುತ್ತದೆ. ಲಿಮಿಟರ್ ಎಷ್ಟು ತಳ್ಳಬೇಕು?

ಧ್ವನಿಯ ಸರಾಸರಿ ಗಟ್ಟಿತನವನ್ನು ಈಗ ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಅದರ ಹಿಂದಿರುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಮೊದಲು ಪ್ರಕಟಿಸಿದ ಬಿಎಸ್ 1770 ಎಂಬ ಶಿಫಾರಸು. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ರ ಸುತ್ತ, ಆಪಲ್ ಮ್ಯೂಸಿಕ್ ಮೈನಸ್ 16ರ ಸುತ್ತ ಹಾಡುಗಳನ್ನು ತಂದು ನಿಲ್ಲಿಸುತ್ತವೆ. ಯೂಟ್ಯೂಬ್ ಮೈನಸ್ 14ಕ್ಕಿಂತ ಗಟ್ಟಿಯಾದುದನ್ನು ಇಳಿಸುತ್ತದೆ, ಸಣ್ಣಗಿರುವುದನ್ನು ಏರಿಸುವುದಿಲ್ಲ. ನೀವು ಲಿಮಿಟರ್ ತಳ್ಳಿ ತಳ್ಳಿ ಮೈನಸ್ 8ಕ್ಕೆ ತಂದರೆ, ಅಲ್ಲಿ ಅದನ್ನು 6 ಡೆಸಿಬಲ್ ಇಳಿಸುತ್ತಾರೆ. ಗಟ್ಟಿತನ ಹೋಯಿತು, ಹಾಳಾದ ಚಂಡೆಯ ಪೆಟ್ಟು ಮಾತ್ರ ಉಳಿಯಿತು.

ಸುಗಮ ಸಂಗೀತ, ಭಜನೆಗಳಿಗೆ ಮೈನಸ್ 14ರ ಹತ್ತಿರ, ತಂಬೂರಿ ಮತ್ತು ಗಾಯನವಷ್ಟೇ ಇರುವ ಕಛೇರಿಗೆ ಮೈನಸ್ 16ರಿಂದ 18ರವರೆಗೆ ಇದ್ದರೆ ನನ್ನ ದೃಷ್ಟಿಯಲ್ಲಿ ತೃಪ್ತಿಕರ. ಲಿಮಿಟರ್‌ನ ಮೇಲ್ಮಿತಿಯನ್ನು ಮೈನಸ್ 1 ಡೆಸಿಬಲ್ ಟ್ರೂ ಪೀಕ್‌ಗೆ (ಅಲೆಯ ನಿಜವಾದ ಶಿಖರದ ಅಳತೆ) ಇಡಿ, ಏಕೆಂದರೆ ಎಂಪಿ3 ಅಥವಾ ಎಎಸಿಗೆ ಪರಿವರ್ತಿಸುವಾಗ ಶಿಖರಗಳು ಮೊದಲಿಗಿಂತ ಸ್ವಲ್ಪ ಎತ್ತರಕ್ಕೆ ಏಳುತ್ತವೆ. ಅಳೆಯಲು ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿ ಸಾಕು.

ಲೀನಿಯರ್ ಫೇಸ್ ಈಕ್ಯೂ ಹೆಚ್ಚು ಉತ್ತಮವೇ?

ಎಲ್ಲ ಫ್ರೀಕ್ವೆನ್ಸಿಗಳನ್ನೂ ಒಂದೇ ಸಮನೆ ತಡಮಾಡುವ ಈಕ್ಯೂ ಇದು. ತಾಳವಾದ್ಯಗಳಿಗೆ ಉತ್ತಮವಲ್ಲ. ಅದು ಪೆಟ್ಟಿಗೆ ಮುಂಚೆಯೇ ಒಂದು ಸಣ್ಣ ಗುಂಜನವನ್ನು ಹುಟ್ಟಿಸಬಲ್ಲದು, ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕಡಿದಾದ ಹೈಪಾಸ್ ಇಟ್ಟಾಗ ಇದು ಇನ್ನೂ ಸ್ಪಷ್ಟ. ಸಾಮಾನ್ಯ ಈಕ್ಯೂ ಬಳಸಿ.

ಸ್ಯಾಂಪಲ್ ರೇಟ್ 44.1 ಅಥವಾ 48 ಕಿಲೋಹರ್ಟ್ಸ್? ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಸಣ್ಣ ಸದ್ದು) ಯಾವಾಗ?

ಹಾಡು ಮಾತ್ರವಾದರೆ 44.1, ವಿಡಿಯೊಗೆ 48. ಎರಡೂ ಸಂದರ್ಭಗಳಲ್ಲಿ 24 ಬಿಟ್‌ನಲ್ಲಿಯೇ ಧ್ವನಿಮುದ್ರಿಸಿ. 16 ಬಿಟ್‌ಗೆ ಇಳಿಸುವ ಕಟ್ಟಕಡೆಯ ಹಂತದಲ್ಲಿ ಒಮ್ಮೆ ಮಾತ್ರ ಡಿದರ್ ಹಾಕಿ. ಗೆಳೆಯರ ಅಭಿಪ್ರಾಯಕ್ಕೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ.

ಹೆಡ್‌ಫೋನ್‌ನಲ್ಲಿ ಚೆನ್ನಾಗಿದ್ದ ಮದ್ದಲೆ ಮೊಬೈಲ್‌ನಲ್ಲಿ ಮಾಯವಾಗುತ್ತದೆ.

ಮೊಬೈಲಿನ ಸಣ್ಣ ಸ್ಪೀಕರ್‌ಗೆ 200 ಹರ್ಟ್ಸ್‌ನ ಕೆಳಗಿನದನ್ನು ನುಡಿಸುವ ಶಕ್ತಿ ಹೆಚ್ಚಿಲ್ಲ. ಅಲ್ಲಿ ಬಾಸ್ ಏರಿಸುವುದರಿಂದ ಉಪಯೋಗವಿಲ್ಲ. ಮದ್ದಲೆಯ ಟ್ರ್ಯಾಕ್‌ಗೆ ಸ್ವಲ್ಪ ಸ್ಯಾಚುರೇಶನ್ ಕೊಟ್ಟರೆ ಮೂಲ ಫ್ರೀಕ್ವೆನ್ಸಿಯ ಗುಣಕಗಳು ಹುಟ್ಟುತ್ತವೆ. ಗುಣಕಗಳನ್ನು ಕೇಳಿದ ಕಿವಿ ಇಲ್ಲದ ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಒಂದೇ ಕಡೆ ಕೇಳಿ ಮುಗಿಸಬೇಡಿ: ಹೆಡ್‌ಫೋನ್, ಮೊಬೈಲ್, ಕಾರು, ಸಾಧ್ಯವಾದರೆ ಪರಿಚಯದ ಚಾಲಕರಿದ್ದರೆ ಶಿವಮೊಗ್ಗ–ಸಾಗರ ಓಡುವ ಖಾಸಗಿ ಬಸ್ಸಿನ ಸ್ಪೀಕರ್ ಕೂಡ. ಎಂಜಿನ್ ಸದ್ದಿನ ನಡುವೆ ಸಾಹಿತ್ಯ ಕೇಳಿಸಿದರೆ ಗಾಯನದ ಮಟ್ಟ ಸರಿಯಿದೆ ಎಂದು ನಂಬಬಹುದು.

ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ಕಲಿಯುವಾಗ ಕೊಳ್ಳುವ ಅಗತ್ಯವಿಲ್ಲ. ಆಡಾಸಿಟಿ ಉಚಿತ. ರೀಪರ್ ಅನ್ನು 60 ದಿನ ಹಣ ಕೊಡದೆ ಬಳಸಿ ನೋಡಬಹುದು, ಅದರ ಜೊತೆಗೇ ಬರುವ ಈಕ್ಯೂ ಮತ್ತು ಕಂಪ್ರೆಸರ್ ಈ ಪುಟದಲ್ಲಿ ಹೇಳಿದ ಈಕ್ಯೂ, ಕಂಪ್ರೆಸರ್ ಕೆಲಸಗಳಿಗೆ ಸಾಕು. ಕೈಯಲ್ಲಿ ಹಣವಿದ್ದರೆ ಪ್ಲಗಿನ್‌ಗಿಂತ ಮೊದಲು ಒಳ್ಳೆಯ ಹೆಡ್‌ಫೋನ್ ಕೊಳ್ಳಿ.

ಮನೆಯಲ್ಲಿ ಹಳೆಯ ತಾಳಮದ್ದಲೆಯ ಕ್ಯಾಸೆಟ್‌ಗಳಿವೆ. ಕಂಪ್ಯೂಟರ್‌ಗೆ ಹಾಕಿಕೊಳ್ಳುವಾಗ ಏನು ಫಿಲ್ಟರ್ ಬಳಸಲಿ?

ಹಾಕಿಕೊಳ್ಳುವಾಗ ಯಾವುದೂ ಬೇಡ. ಮೊದಲು ಪ್ಲೇಯರ್‌ನ ಹೆಡ್ ಅನ್ನು ಸ್ಪಿರಿಟ್‌ನಿಂದ ಒರೆಸಿ, ಹೆಡ್‌ನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಧ್ವನಿ ಅತ್ಯಂತ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ. ಈ ಕೋನ ತಪ್ಪಿದ್ದರೆ ಕಳೆದುಹೋಗುವ ಮೇಲಿನ ಫ್ರೀಕ್ವೆನ್ಸಿಗಳನ್ನು ಆಮೇಲೆ ಈಕ್ಯೂನಿಂದ ಏರಿಸಲು ಹೋದರೆ ಸಿಗುವುದು ಹಿಸ್ ಸದ್ದು ಮಾತ್ರ.

ಟೇಪ್ ಓಡುವ ವೇಗದಲ್ಲಿ ವ್ಯತ್ಯಾಸವಿದ್ದರೆ ಶ್ರುತಿಯೂ ಬದಲಾಗಿರುತ್ತದೆ. ಟೇಪಿನಲ್ಲಿರುವ ಹಂ ಸದ್ದನ್ನು 50 ಹರ್ಟ್ಸ್‌ಗೆ ಹೊಂದಿಸಿ ವೇಗ ತಿದ್ದುವ ವಿಧಾನವೊಂದಿದೆ. ಆದರೆ ಹಿಂದಿನ ದಶಕಗಳಲ್ಲಿ ನಮ್ಮ ವಿದ್ಯುತ್ ಜಾಲ 50ಕ್ಕೆ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲವಾದ್ದರಿಂದ ಅದನ್ನು ಪೂರ್ತಿ ನೆಚ್ಚುವಂತಿಲ್ಲ. ಆ ಭಾಗವತರು ಬಿಳಿ ನಾಲ್ಕರಲ್ಲಿ ಹಾಡುತ್ತಿದ್ದರೋ ಕಪ್ಪು ಎರಡರಲ್ಲೋ ಎಂಬುದನ್ನು ಬಲ್ಲ ಹಿರಿಯರು ಸಿಕ್ಕರೆ ಅವರ ಮಾತಿಗೆ ತೂಕ ಹೆಚ್ಚು.

ಇದೆಲ್ಲ ಆದ ಮೇಲೆ 10–12 ಕಿಲೋಹರ್ಟ್ಸ್‌ನಲ್ಲಿ ಇಳಿಜಾರು ಕಡಿಮೆಯಿರುವ ಲೋಪಾಸ್, 50 ಹರ್ಟ್ಸ್‌ನ ನಾಚ್, 6 ಡೆಸಿಬಲ್‌ನಷ್ಟು ನಾಯ್ಸ್ ರಿಡಕ್ಷನ್ ಹಾಕಿ. ಅರ್ಥಗಾರಿಕೆಯ ಮಾತುಗಳಲ್ಲಿ ಸ, ಶ, ಷಗಳ ವ್ಯತ್ಯಾಸ ಮೊದಲಿನಷ್ಟೇ ತಿಳಿಯುತ್ತಿದೆಯೇ ಎಂದು ನೋಡಿಕೊಳ್ಳಿ, ಮಸುಕಾಗಿದ್ದರೆ ಲೋಪಾಸ್ ಅನ್ನು ಮೇಲಕ್ಕೆ ಸರಿಸಿ. ಫಿಲ್ಟರ್ ಹಾಕಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಟೇಪಿನಿಂದ ನೇರವಾಗಿ ಬಂದ 24 ಬಿಟ್ ಫೈಲನ್ನು ಮುಟ್ಟದೆ ಎರಡು ಡಿಸ್ಕ್‌ಗಳಲ್ಲಿ ಇಡಿ.